ಸೋಮು ನನ್ನನ್ನು ಓಡಿಸಿದ್ದು

ನಮ್ಮ ಮನೆಯಲ್ಲಿ ಗಂಡ ಹೆಂಡತಿಯ ಮಾತುಕತೆ ನಡೆಯುವುದು ನಾಯಿಯ ಮುಖಾಂತರ. "ಸೋಮು, ನಿಮ್ಮಪ್ಪಂಗೆ ಹೇಳು, ತಿಂಡಿ ಆರ್ತಾ ಇದೆ ಅಂತ" ಎನ್ನುತ್ತಾಳೆ ನನ್ನಾಕೆ ಶಾಂತಾದೇವಿ. "ಸೋಮು, ನಿಮ್ಮಮ್ಮಂಗೆ ಹೇಳು, ಬಂದೆ ಅಂತ" ಎನ್ನುತ್ತೇನೆ ನಾನು. ಸೋಮು ಇಬ್ಬರಿಗೂ ಒಂದೊಂದು ಸಲ ಬಾಲ ಅಲ್ಲಾಡಿಸಿ ಮಲಗುತ್ತಾನೆ. ಜಗಳವೇನೂ ಇಲ್ಲ ಸ್ವಾಮಿ, ತಪ್ಪು ತಿಳಿಯಬೇಡಿ. ಅಭ್ಯಾಸವಾಗಿಬಿಟ್ಟಿದೆ, ಅಷ್ಟೆ.

ನಾನು, ಅಂದರೆ ಈ ಪ್ರಭುಸ್ವಾಮಿ, ಇಪ್ಪತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನಕ್ಕೆ ನೂರು ಜನರ ಜೊತೆ ಮಾತಾಡಿದವನು. 2001ರಲ್ಲಿ, ಇಷ್ಟವಿದ್ದವರು ಸ್ವಯಂನಿವೃತ್ತಿ ತಗೊಳ್ಳಬಹುದು ಎಂದರು. ಎಲ್ಲರೂ ತಗೊಳ್ಳುತ್ತಾರೆ ಅಂತ ನಾನೂ ತಗೊಂಡೆ. (ಆಮೇಲೆ ನೋಡಿದರೆ ಎಲ್ಲರೂ ತಗೊಂಡಿರಲಿಲ್ಲ.) ಮರುದಿನದಿಂದ ನನ್ನನ್ನು ಮಾತಾಡಿಸುವ ನರಪಿಳ್ಳೆಯೂ ಇಲ್ಲ. ಶಾಂತಾಗೆ ಅಕ್ಕನ ಬಳಗವೆಂಬ ಮಹಿಳಾ ಸಂಘ, ವಚನ ಗಾಯನ, ಫೋನು. ಮಗಳು ಶಿಲ್ಪಶ್ರೀ ಮದುವೆಯಾಗಿ ದಾವಣಗೆರೆಗೆ ಹೋಗುವಾಗ ನನಗೆ ಬಿಟ್ಟುಹೋದದ್ದು ಸೋಮುವನ್ನು. ಒಂದು ಸೋಮವಾರ ಗೇಟಿನ ಹತ್ತಿರ ಸಿಕ್ಕಿದ ಬೀದಿಮರಿ; ಅದಕ್ಕೇ ಆ ಹೆಸರು. ಲಿಂಗಪೂಜೆಯಾಗದೆ ಬಾಯಿಗೆ ನೀರು ಬಿಡದ ಮನೆ ನಮ್ಮದು. ಹಾಗಾಗಿ ಅವನಿಗೂ ಹಣೆಗೆ ವಿಭೂತಿ, ಎರಡು ಹೊತ್ತು ಮೊಸರನ್ನ, ಸೋಮವಾರ ಒಪ್ಪತ್ತು. ಈ ಬಗ್ಗೆ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಇಷ್ಟರಲ್ಲಿ ನನ್ನ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ದಿನಾ ಬೆಳಿಗ್ಗೆ ಓಡಬೇಕು ಎಂದರು ಡಾಕ್ಟರು. "ಸೋಮು, ನಾಳೆಯಿಂದ ನಿಮ್ಮಪ್ಪನ್ನ ಓವಲ್ ಮೈದಾನಕ್ಕೆ ಕರ್ಕೊಂಡ್ಹೋಗು" ಎಂದು ಶಾಂತಾ ಅಪ್ಪಣೆ ಕೊಡಿಸಿದಳು. ಯಾರು ಯಾರನ್ನು ಕರೆದೊಯ್ಯಬೇಕು ಎಂಬುದು ಅಲ್ಲೇ ತೀರ್ಮಾನವಾಗಿಹೋಯಿತು.

ಬಿಳಿ ಕ್ಯಾನ್ವಾಸ್ ಶೂ, ಮಂಕಿ ಕ್ಯಾಪು, ಹೊಟ್ಟೆಯ ಮೇಲೆ ನಿಲ್ಲದ ಚಡ್ಡಿ, ಇಷ್ಟು ಸಕಲ ರಾಜಲಾಂಛನಗಳೊಂದಿಗೆ ದೇವರಾಜ ಮೊಹಲ್ಲಾದ ನಮ್ಮ ಗಲ್ಲಿಯಿಂದ ನನ್ನ ದಂಡಯಾತ್ರೆ ಹೊರಟಿತು. ಓವಲ್ ಮೈದಾನ ಒಂದು ಕಡೆ. ಸೋಮು ಮೂಗೆತ್ತಿ ಗಾಳಿ ಹಿಡಿದು, ಮೈದಾನದ ವಿರುದ್ಧ ದಿಕ್ಕಿಗೆ ಕಿತ್ತ ನೋಡಿ! ಸರಪಳಿ ನನ್ನ ಕೈಗೆ ಎರಡು ಸುತ್ತು ಸುತ್ತಿತ್ತು. ಹಾಲಿನವನ ಸೈಕಲ್ಲು, ಸೊಪ್ಪಿನವಳ ಬುಟ್ಟಿ, ಎಲ್ಲ ದಾಟಿ ಮಂಡಿ ಮೊಹಲ್ಲಾದವರೆಗೆ ನಿಲ್ಲಲೇ ಇಲ್ಲ. ನಿಂತದ್ದು ಎಲ್ಲಿ ಅಂತೀರಿ? ಮಹದೇವು ಎಂಬಾತನ ಮಟನ್ ಅಂಗಡಿಯ ಮುಂದೆ!

"ಅಯ್ಯೋ ಶಿವನೇ!" ಎಂದೆ. ಮಹದೇವು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನನ್ನ ಹಣೆಯ ವಿಭೂತಿ ನೋಡಿದ, ನಾಯಿಯ ಹಣೆಯ ವಿಭೂತಿಯನ್ನೂ ನೋಡಿದ. ಅಂಗಡಿಯಲ್ಲಿದ್ದ ಒಂದೇ ಒಂದು ಸ್ಟೂಲನ್ನು ತಂದು ರಸ್ತೆಯ ಕಡೆ ಮುಖ ಮಾಡಿಸಿ ಇಟ್ಟ.

"ಕುಂತ್ಕಳಿ ಸಾ, ಎಂಗ್ ಏದುಸ್ರು ಬುಡ್ತಿದ್ದೀರಿ! ಒಳೀಕ್ ಮಾತ್ರ ನೋಡ್ಬ್ಯಾಡಿ, ಅತ್ಲಾಗೇ ತಿರೀಕ್ಕಂಡಿರಿ." ಎದುರಿನ ಹೋಟೆಲಿನಿಂದ ಶುಂಠಿ ಟೀ ತರಿಸಿಕೊಟ್ಟ. ಬೆನ್ನ ಹಿಂದೆ ಸೋಮು ಏನನ್ನೋ ಕಟಕಟ ಕಡಿಯುತ್ತಿದ್ದ. ಅದರ ನಡುವೆಯೇ ಮಹದೇವುವಿನ ದನಿ ಬಂತು: "ರಾತ್ರಿ ಚೆಂದಾಗಿ ನಿದ್ದೆ ಬಂತಾ ಸಾ?"

ನಿವೃತ್ತಿಯಾದ ಏಳು ತಿಂಗಳಲ್ಲಿ ನನಗೆ ನಿದ್ದೆ ಬಂತಾ ಇಲ್ಲವಾ ಅಂತ ಒಬ್ಬರೂ ಕೇಳಿರಲಿಲ್ಲ. "ಇಲ್ಲ ಕಣಪ್ಪ" ಎಂದೆ. ಅವನು ಕೇಳುತ್ತಾ ಹೋದ, ನಾನು ರಸ್ತೆ ನೋಡಿಕೊಂಡು ಹೇಳುತ್ತಾ ಹೋದೆ.

ಮರುದಿನವೂ ಸೋಮು ಎಳೆದ. ನಾಲ್ಕನೆಯ ದಿನದಿಂದ ನಾನೇ ಸೋಮುವನ್ನು ಎಳೆಯುತ್ತಿದ್ದೆ. ಸಕ್ಕರೆ ಇಳಿಯಿತು, ಚಡ್ಡಿ ಹೊಟ್ಟೆಯ ಮೇಲೆ ನಿಂತಿತು. "ಓಡಿ ಓಡಿ ಸೋಮುಗೂ ವೈರಾಗ್ಯ ಬಂದಿದೆ ಕಣ್ರೀ, ಮೊಸರನ್ನ ಮುಟ್ಟಲ್ಲ" ಎಂದು ಶಾಂತಾ ಅಕ್ಕನ ಬಳಗದಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು.

ನನ್ನ ಗ್ರಹಚಾರ, ನಮ್ಮ ಸಮಾಜದ ಕಾರ್ಯದರ್ಶಿ ಅಮರೇಶ್ ಒಂದು ದಿನ ಸ್ಕೂಟರಿನಲ್ಲಿ ಆ ದಾರಿಯಾಗಿ ಹೋದರು. ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಅವತ್ತು ನಾಯಿಯ ಮಧ್ಯಸ್ಥಿಕೆ ಬೇಕಾಗಲಿಲ್ಲ.

"ರೀ! ಮಟನ್ ಅಂಗಡೀಲಿ ಏನ್ರೀ ಕೆಲಸ ನಿಮಗೆ?"

"ನಾನೇನ್ಮಾಡ್ಲಿ ಕಣೇ? ಈ ದರಿದ್ರದ ನಾಯಿ ಎಳ್ಕೊಂಡ್ ಹೋಯ್ತು!"

ಹೇಳಿದ ಮೇಲೆ ನಾಚಿಕೆಯಾಯಿತು. ಸೋಮು ಕಿವಿ ಇಳಿಬಿಟ್ಟು ನನ್ನನ್ನೇ ನೋಡುತ್ತಿದ್ದ. ಶಾಂತಾ ನನ್ನನ್ನು ನಂಬಿದಳು. ಸೋಮುವಿಗೆ ಸೀಗೇಪುಡಿ ಸ್ನಾನ, ಹೊಸ ವಿಭೂತಿ, ಕಂಬಕ್ಕೆ ಸರಪಳಿ. ನನಗೆ ಓವಲ್ ಮೈದಾನ, ಒಂಟಿಯಾಗಿ.

ಮರುದಿನ ಹೋದೆ. ಅಲ್ಲಿ ಜನ ನಾಲ್ಕು ನಾಲ್ಕು ಮಂದಿ ಸಾಲಾಗಿ ಮಾತಾಡುತ್ತ ನಡೆಯುತ್ತಾರೆ, ಐದನೆಯವನಿಗೆ ಜಾಗವಿಲ್ಲ. ಒಂದು ಗುಂಪಿನ ಹಿಂದೆ ನಡೆದು, ಅವರು ನಕ್ಕಾಗ ನಾನೂ ನಕ್ಕೆ. ಅವರು ತಿರುಗಿ ನೋಡಿ ಬೇಗ ಬೇಗ ಹೆಜ್ಜೆ ಹಾಕಿದರು. ಎರಡು ಸುತ್ತು ಮುಗಿಸಿದೆ. ಮೂರನೆಯ ಸುತ್ತು ಹೇಗೋ ಏನೋ ಮಂಡಿ ಮೊಹಲ್ಲಾದಲ್ಲಿ ಮುಗಿಯಿತು.

"ಎಲ್ ಸಾ ನಮ್ ಸೋಮು?" ಮಹದೇವು ಗಾಬರಿಯಾದ. ಹುಷಾರಿಲ್ಲ ಎಂದು ಸುಳ್ಳು ಹೇಳಿದೆ. ಟೀ ಕುಡಿದೆ, ನಿದ್ದೆಯ ವರದಿ ಒಪ್ಪಿಸಿದೆ. ಏಳುವಾಗ ಅವನು ಒಂದು ಕರಿ ಕವರು ಕೈಗಿಟ್ಟ. "ಮನೇಲೇ ಆಕ್ಬುಡಿ ಸಾ ಪಾಪ, ಒಸಿ ಮೂಳೆ." ಅಷ್ಟು ಅಕ್ಕರೆಯಿಂದ ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ.

ಅಂಗಡಿಯ ತಿರುವು ದಾಟಿ ಎಲ್ಲಿ ಎಸೆಯಲಿ ಎಂದು ಹುಡುಕುತ್ತಿದ್ದಾಗ ಹಿಂದಿನಿಂದ ಸ್ಕೂಟರು ಬಂತು. "ಹತ್ತಿ ಪ್ರಭುಸ್ವಾಮಿಗಳೇ, ಮನೆಗೆ ಬಿಡ್ತೀನಿ!" ಅಮರೇಶ್! ಬೇಡವೆಂದರೆ ಅನುಮಾನ, ಹತ್ತಿದರೆ ಅನಾಹುತ. ಹತ್ತಿದೆ. ಮನೆಯ ಜಗುಲಿಯಲ್ಲಿ ಅಕ್ಕನ ಬಳಗದ ಆರು ಜನ ವಚನದ ಅಭ್ಯಾಸಕ್ಕೆ ಕೂತಿದ್ದರು. ಕಂಬದಲ್ಲಿದ್ದ ಸೋಮು ಮೂಗೆತ್ತಿದ. ಕೊರಳಪಟ್ಟಿ ಕಳಚಿಕೊಂಡು ಒಂದೇ ನೆಗೆತಕ್ಕೆ ಬಂದು ನನ್ನ ಕೈಯ ಕವರನ್ನು ಸೀಳಿದ. ಮೂಳೆಗಳು ಅಮರೇಶರ ಪಾದದಿಂದ ಶಾಂತಾಳ ತಂಬೂರಿಯವರೆಗೆ ಚೆಲ್ಲಿದವು.

ಶಾಂತಾ ಎದ್ದು ನಿಂತಳು. "ಇವತ್ತು ಯಾರ್ರೀ ಎಳ್ಕೊಂಡ್ ಹೋದದ್ದು?"

"ಮಾತಾಡೋಕೆ ಹೋಗಿದ್ದೆ ಕಣೇ" ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ನಿಜ ಹೇಳಿಲ್ಲ. ಏಳು ಜನರಲ್ಲಿ ಒಬ್ಬರೂ ನಂಬಲಿಲ್ಲ, ಅಮರೇಶರಂತೂ ಕೆಮ್ಮಿದರು. ಶಾಂತಾ ಮಾತ್ರ ನನ್ನ ಮುಖ ನೋಡಿ ಒಳಗೆ ಹೋದಳು.

ಅಂದಿನಿಂದ ವ್ಯವಸ್ಥೆ ಬದಲಾಯಿತು. ಸೋಮುವನ್ನು ಓವಲ್ ಮೈದಾನಕ್ಕೆ ಕರೆದೊಯ್ಯುವುದು ಶಾಂತಾ. ನಾನು ಮನೆಯಲ್ಲಿ, ಹೊರಗಿನಿಂದ ಗೇಟಿಗೆ ಬೀಗ. ಓಡಬೇಕಾದರೆ ಹಿತ್ತಿಲಲ್ಲಿ ಬಾವಿಯ ಸುತ್ತ ಓಡಬಹುದು.

ಮೊದಲ ದಿನ ಅರ್ಧ ಗಂಟೆಗೆ ಬಂದವಳು ಎರಡನೆಯ ವಾರದಲ್ಲಿ ಒಂದೂವರೆ ಗಂಟೆಗೆ ಬರತೊಡಗಿದಳು. ಬಂದವಳು ಕಾಫಿ ಕೇಳುವುದಿಲ್ಲ. ಸೋಮು ಮತ್ತೆ ಮೊಸರನ್ನ ಮುಟ್ಟುವುದಿಲ್ಲ. ನಿನ್ನೆ ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದು, ನಾಯಿಯನ್ನಲ್ಲ, ನೇರವಾಗಿ ನನ್ನನ್ನೇ ಕೇಳಿದಳು:

"ರೀ, ರಾತ್ರಿ ಚೆಂದಾಗಿ ನಿದ್ದೆ ಬಂತಾ?"

ಉಸಿರಿನಲ್ಲಿ ಶುಂಠಿ ಟೀ ವಾಸನೆ. ಈ ಪ್ರಶ್ನೆ ಯಾವ ಅಂಗಡಿಯದು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅವಳು ಒಳಗೆ ಓಡಿದಳು.

ನನ್ನನ್ನೂ ಕರ್ಕೊಂಡ್ಹೋಗೇ ಅಂತ ಕೇಳಬೇಕೆನಿಸುತ್ತದೆ. ಆದರೆ ಹೋಗಿ ಏನು ಮಾಡಲಿ? ಮಹದೇವುವಿನ ಅಂಗಡಿಯಲ್ಲಿ ಇರುವುದು ಒಂದೇ ಸ್ಟೂಲು.