ಡ್ರೈವರುಗಳ ಮುಖ ನೋಡುವ ಮಾಮಾ

ವರ್ಷಕ್ಕಾಗುವ ತೊಗರಿಬೇಳೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಾಗ ಕಲಬುರಗಿಯಿಂದ ತಮ್ಮನ ಫೋನು ಬಂತು.

"ಅಕ್ಕಾ, ಅವ್ವನ ಕರುಳು ತಿರುವಿಕೊಂಡದಂತ. ಎರಡು ಗಂಟಿಗೆ ಆಪರೇಷನ್. ನಿನ್ನ ಮುಖ ನೋಡೇ ಒಳಗ ಹೋಗ್ತೀನಂತ ಹಟ ಹಿಡದಾಳ. ಲಗೂನ ಬಾ."

ಆಗ ಹನ್ನೆರಡೂವರೆ. ಸೇಡಂನಿಂದ ಅಲ್ಲಿಗೆ ಒಂದೂಕಾಲು ತಾಸಿನ ದಾರಿ. ಯಜಮಾನರು ಮನೆಯಲ್ಲೇ ಇದ್ದರು, ಕಾರಿಗೆ ಎಣ್ಣೆ ಇತ್ತು. ಎ.ಸಿ. ಕೆಟ್ಟಿತ್ತು, ಆದರೆ ಕಿಟಕಿಯ ಗಾಜು ಇಳಿಯುತ್ತಿತ್ತು. ದೇವರು ಕೊಟ್ಟ ಇಷ್ಟಿಷ್ಟಕ್ಕೂ ಒಂದೊಂದಾಗಿ ಕೈ ಮುಗಿದೆ.

ಒಂದಕ್ಕೆ ಮಾತ್ರ ಮುಗಿಯಲಿಲ್ಲ. ಮುಂದಿನ ಸೀಟಿನಲ್ಲಿ ಆಗಲೇ ಬಂದು ಕೂತಿದ್ದ ನಮ್ಮ ಮಾಮಾ!

ಅವ್ವನ ಅಣ್ಣ ಇವರು. ಮನೆ ನಮ್ಮ ಓಣಿಯಲ್ಲೇ. ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. ಆದರೂ ಇವರ ಕಣ್ಣಲ್ಲಿ ಪಾಸಾದ ಡ್ರೈವರ್ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದರು, ಕಂಡಕ್ಟರಿಕೆ ನಿವೃತ್ತವಾಗಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಬಾಗಿಲನ್ನು ಎರಡು ಸಲ ಬಡಿದು "ರೈಟ್!" ಅಂದರು. ಯಜಮಾನರೂ ಅದನ್ನು ಕೇಳಿದ ಮೇಲೆಯೇ ಗೇರು ಹಾಕಿದರು. ಎಂಥ ಜೋಡಿ!

ನಾವೆಲ್ಲ ರಸ್ತೆ ನೋಡಿದರೆ ಮಾಮಾ ಡ್ರೈವರುಗಳ ಮುಖ ನೋಡುತ್ತಾರೆ.

"ಈ ಜೀಪಿನಂವ ಮನ್ಯಾಗ ಜಗಳಾಡಿ ಬಂದಾನ ನೋಡು."

"ಹೆಂಗ ಗೊತ್ತಾತ್ರಿ ಮಾವ?" ಯಜಮಾನರು ಕೇಳಿದರು.

"ಎದುರಿಗಿ ನಾಯಿ ಸೈತ ಇಲ್ಲ, ಹಾರ್ನ್ ಹೊಡೀಲಿಕತ್ತಾನ! ಹೆಂಡ್ತಿ ಮುಂದ ಬಾಯಿ ತೆಗಿಲಿಕ್ಕ ಆಗಿಲ್ಲ, ಪಾಪ."

ಮಳಖೇಡದ ಹತ್ತಿರ ಒಂದು ಬಿಳಿಯ ಕಾರು ನಮ್ಮ ಪಕ್ಕಕ್ಕೆ ಬಂತು. "ಒಳಗ ತಂಪದ, ಆದ್ರೂ ಹೆಂಗ ಬೆವತಾನ ನೋಡು. ಹೊಸಾ ಗಾಡಿ. ಎಲ್ಲಿ ಗೀಟು ಬೀಳ್ತದೋ ಅಂತ ಅಂಜಿಕಿ. ಒಂದು ಗೀಟು ಬಿತ್ತಂದ್ರ ಆರಾಮಾಗ್ತಾನ."

ಯಜಮಾನರು ನಕ್ಕರು. ಹಿಂದೆ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಒಡಹುಟ್ಟಿದ ತಂಗಿ ನರಳುತ್ತಿದ್ದಾಳೆ, ಇಲ್ಲಿ ಇವರಿಗೆ ಊರವರ ಕಾರಿನ ಚಿಂತೆಯೇ? ನಾಮಸ್ಮರಣೆ ಮಾಡುತ್ತಿದ್ದ ಬಾಯಲ್ಲಿ ಅಳು ಬಂತು. ಮಾಮಾ ತಿರುಗಿ ನೋಡಿದರು.

"ಅಳಬ್ಯಾಡ ಯವ್ವಾ. ನೀ ಅತ್ರ ನಿನ್ನ ಗಂಡ ಕನ್ನಡ್ಯಾಗ ನಿನ್ನ ನೋಡ್ತಾನ. ಮುಂದ ಯಾರು ನೋಡಬೇಕು?"

ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಗಡಿಯಾರದಲ್ಲಿ ಒಂದೂವರೆ. ನಮ್ಮ ಮುಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿದ ಲಾರಿ. ಅದರ ಕನ್ನಡಿಯಲ್ಲಿ ಏನು ಕಂಡರೋ, ಮಾಮಾ ಸರಸರ ಇಳಿದು ಹೋದರು. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನ ಗಾಡಿಗಳೆಲ್ಲ ಒಮ್ಮೆಲೇ ಅರಚಿದವು. ಲಾರಿ ಮಾತ್ರ ಅಲ್ಲಾಡಲಿಲ್ಲ. ಇಳಿದು ಓಡಿದೆ. ಮಾಮಾ ನಮ್ಮ ಕುಡಿಯುವ ನೀರಿನ ಬಾಟಲಿಯಿಂದ ಡ್ರೈವರನ ತಲೆಯ ಮೇಲೆ ಅಭಿಷೇಕ ಮಾಡುತ್ತಿದ್ದರು!

"ಮುತ್ತ್ಯಾ, ಗೇಟ್ ತೆಗದಾರ, ಬಿಡೋ!" ಡ್ರೈವರ್ ಬೇಡಿಕೊಳ್ಳುತ್ತಿದ್ದ.

"ಕಣ್ಣು ಪೂರಾ ತೆಗಿ, ಆಮ್ಯಾಲ ಬಿಡ್ತೀನಿ. ಬಾಜೂಕ ಹಚ್ಚಿ ಒಂದು ತಾಸು ಮಕ್ಕೋ."

"ಮಾಮಾ, ಅಲ್ಲಿ ಅವ್ವನ್ನ ಒಳಗ ಒಯ್ತಾರ! ಯಾರದೋ ನಿದ್ದಿ ನಿಮಗ್ಯಾಕ?" ಎಂದು ಚೀರಿದೆ.

ಲಾರಿ ಬದಿಗೆ ಸರಿದು ನಿಲ್ಲುವವರೆಗೂ ಅವರು ಕದಲಲಿಲ್ಲ. ಕಾರು ಹತ್ತಿ, ಖಾಲಿ ಬಾಟಲಿಯ ಮುಚ್ಚಳ ತಿರುವುತ್ತ ಹೇಳಿದರು.

"ಒಮ್ಮಿ ಹಿಂಗೇ ಬ್ಯಾಸಗಿ ಮಧ್ಯಾಹ್ನ, ನಮ್ಮ ಡ್ರೈವರ್ ಕಣ್ಣು ಮುಚ್ಚಿದ್ದು ನೋಡಿದ್ದೆ. ಟಿಕೆಟ್ ಹರದು ಆಮ್ಯಾಲ ಹೇಳಿದ್ರಾತು ಅಂದೆ. ಬಸ್ಸು ಹೊಲಕ್ಕ ಇಳೀತು. ಎಲ್ಲಾರೂ ಉಳದ್ರು, ಯವ್ವಾ. ಅಂವಾ ಒಬ್ಬನೇ ಉಳೀಲಿಲ್ಲ."



ನಾವು ಆಸ್ಪತ್ರೆ ಮುಟ್ಟಿದಾಗ ಎರಡು ದಾಟಿ ಹತ್ತು ನಿಮಿಷ. ಅವ್ವನನ್ನು ಒಳಗೆ ಒಯ್ದಿದ್ದರು. ಬಾಗಿಲು ಮುಚ್ಚಿತ್ತು. ನನ್ನ ಮುಖ ನೋಡದೆಯೇ ಹೋಗಿದ್ದಳು. ಅಲ್ಲೇ ಗೋಡೆಗೆ ಒರಗಿ ಕೂತೆ. ಮಾಮಾನ ಕಡೆ ನೋಡಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಹಸಿರು ಟೊಪ್ಪಿಗೆಯ ಡಾಕ್ಟರರು ಒಳಗೆ ಹೋಗಲು ಬಂದರು. ಮಾಮಾ ಬಾಗಿಲಿಗೆ ಅಡ್ಡ ನಿಂತು ಅವರ ಮುಖವನ್ನೇ ದಿಟ್ಟಿಸಿದರು.

"ಸಾಹೇಬ್ರ, ರಾತ್ರಿ ನಿದ್ದಿ ಆಗೇದೇನ್ರಿ?"

ತಮ್ಮ ನಾಚಿ ಮಾಮಾನ ತೋಳು ಹಿಡಿದೆಳೆದ. ಡಾಕ್ಟರರು ನಿಂತರು. "ಆಗೇದ್ರಿ."

"ಊಟ?"

"ಅದೂ ಆಗೇದ."

ಮಾಮಾ ದಾರಿ ಬಿಟ್ಟರು. ಕೈ ಮುಗಿಯಲು ಹೋದರೆ ಎರಡು ಅಂಗೈ ಒಂದಾಗದಷ್ಟು ನಡುಗುತ್ತಿದ್ದವು. "ಒಳಗ ನನ್ನ ತಂಗಿ ಅದಾಳ್ರಿ" ಅಂದರು.

ಎದ್ದು ಹೋಗಿ ಆ ಎರಡು ಕೈಗಳನ್ನು ನಾನೇ ಕೂಡಿಸಿ ಹಿಡಿದೆ.

ಸಂಜೆಗೆ ಅವ್ವ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಮಾಮಾನನ್ನೂ ನೋಡಿದಳು. ಆಪರೇಷನ್ನಿಗೆ ಮುಂಚೆ ಬಿಚ್ಚಿಸಿದ್ದ ಅವಳ ಸೀರೆಯನ್ನು ನರ್ಸಮ್ಮ ಚೀಲದಲ್ಲಿ ಕಟ್ಟಿಕೊಟ್ಟರು. ತಮ್ಮನ ಮನೆಗೆ ಹೋಗಿ, ಬಕೆಟ್ಟಿನಲ್ಲಿ ಸಬಕಾರದ ಪುಡಿ ಕಲಸಿ, ಸೀರೆಯನ್ನು ನೆನೆಹಾಕಿದೆ.