ಬೇಸಿನ ಹೊಟ್ಟೆಯೊಳಗಿನ ಕಡ್ಡಿ

ಐವತ್ತು ತುಂಬುವುದರೊಳಗೆ ಈ ಮನೆಯಲ್ಲೊಬ್ಬ ಸಂಗೀತಗಾರ ಹುಟ್ಟಿಯೇ ತೀರುತ್ತಾನೆ! ಹಾಗೆಂದು ಘೋಷಿಸಿದವನು ನಾನು, ಹುಟ್ಟಬೇಕಾದವನೂ ನಾನೇ.

ನಮ್ಮ ಆಫೀಸಿನ ವಾದ್ಯತಂಡದಲ್ಲಿ ದೈತ್ಯ ಪಿಟೀಲಿನಂಥ ಡಬಲ್ ಬೇಸ್ ನುಡಿಸುತ್ತಿದ್ದವರಿಗೆ ವರ್ಗವಾಗಿತ್ತು. ತಂಡದ ಯಜಮಾನ ಡ್ರಮ್ಮಣ್ಣ, "ಭಾನುವಾರ ಸಂಜೆ ನಿಮ್ಮನೆಗೇ ಬರ್ತೀನಿ. ಒಂದೇ ಒಂದು ಸ್ವರ ನೆಟ್ಟಗೆ ಬರಲಿ, ಜಾಗ ನಿಮ್ದೇ" ಎಂದಿದ್ದ. ಇಪ್ಪತ್ತು ವರ್ಷ ಆ ತಂಡಕ್ಕೆ ಕುರ್ಚಿ ಹಾಕಿದವನು ನಾನು. ಒಮ್ಮೆಯಾದರೂ ಅವರ ಜೊತೆ ನಿಲ್ಲುವ ಆಸೆ ನನಗಿರಬಾರದೇ?

ಭಾನುವಾರ ಬೆಳಿಗ್ಗೆಯೇ ಹಳೆಯದೊಂದು ಬೇಸ್ ಕೊಂಡು ತಂದೆ. ಆಳೆತ್ತರ, ಡೊಳ್ಳು ಹೊಟ್ಟೆ! ಹಾಸಿಗೆ ಹೊತ್ತಂತೆ ಅದನ್ನು ಅಡ್ಡಡ್ಡ ಹೊತ್ತು ಮೆಟ್ಟಿಲೇರಿದೆ. ಮನೆಯ ಬಾಗಿಲುಗಳನ್ನೆಲ್ಲ ಅಳೆದಿದ್ದ ಮಹಾನುಭಾವ ಮೆಟ್ಟಿಲಿನ ತಿರುವನ್ನು ಮಾತ್ರ ಅಳೆದಿರಲಿಲ್ಲ. ಬೇಸ್ ಸಿಕ್ಕಿಕೊಂಡಿತು, ಹಿಂದೆ ನಾನೂ.

"ಮಾರಿದವ್ರಿಗೆ ಒಂದ್ ಫೋನ್ ಮಾಡಿ ಕೇಳ್ರೀ," ಎಂದಳು ಮೇಲಿನಿಂದ ನನ್ನ ಹೆಂಡತಿ.

"ಇಷ್ಟಕ್ಕೆಲ್ಲ ಫೋನ್ ಯಾಕೆ? ತಲೆ ಇದೆಯಲ್ಲ!"

"ಅದೂ ಸಿಕ್ಕಾಕ್ಕೊಂಡಿರೋ ಹಾಗಿದೆ."

ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಗೋಡೆಗೆ ತಾಗುತ್ತಿತ್ತು. ನಾಲ್ಕೂ ತಂತಿ ಸಡಿಲಿಸಿ ಅದನ್ನು ಕಿತ್ತೆ. ಬೇಸ್ ಮೇಲೇರಿತು! ನಾನು ಬೀಗುವಷ್ಟರಲ್ಲಿ ಅದರ ಹೊಟ್ಟೆಯೊಳಗೆ 'ಟಕ್' ಎಂದಿತು. ಏನೋ ಉರುಳಿತು. ಈಗ ಫೋನ್ ಮಾಡಿದೆ.

"ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದ್ರಾ? ಅಯ್ಯೋ ಪುಣ್ಯಾತ್ಮ!" ಎಂದರು ಮಾರಿದವರು. "ಒಳಗೆ ಹಲಗೆಗೆ ಆಸರೆಯಾಗಿ ನಿಲ್ಲಿಸಿರೋ ಕಡ್ಡಿಗೆ ಅಂಟು ಹಾಕಿರಲ್ಲ. ತಂತಿ ಬಿಗಿ ಇದ್ರೇನೇ ಅದು ನಿಲ್ಲೋದು. ಅದಿಲ್ದೆ ತಂತಿ ಬಿಗಿದ್ರೆ ಮೇಲಿನ ಹಲಗೆ ಕುಸಿಯುತ್ತೆ!"

ಮೆಟ್ಟಿಲ ಮೇಲೇ ಕುಸಿದು ಕುಳಿತೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ನನ್ನವಳು ಬೈಯಲಿಲ್ಲ. ಹಲ್ಲಿನ ಡಾಕ್ಟರ ಬಳಿ ಸಹಾಯಕಿ ಅವಳು. ಚೀಲದಿಂದ ಹಿಡಿಯಿರುವ ಪುಟ್ಟ ಕನ್ನಡಿ, ಟಾರ್ಚು, ಹಲ್ಲಿನ ಸಂದಿ ತಿಕ್ಕುವ ದಾರ ತೆಗೆದಳು. "ಬೆಳಕು ಹಿಡೀರಿ. ಮಾತಾಡ್ಬೇಡಿ."

ಬೇಸಿನ ಎದೆಯ ಮೇಲಿನ ಎರಡು ಸೀಳುಗಳಿಂದ ದಾರ ಇಳಿಸಿ, ಕಡ್ಡಿಗೆ ಕುಣಿಕೆ ಹಾಕಿ, ಕನ್ನಡಿಯಲ್ಲಿ ನೋಡುತ್ತ ಎರಡು ಗಂಟೆ ಎಳೆದಳು. "ಹಳೇ ಗುರುತು ಕಾಣ್ತಿದೆ... ಇಲ್ಲೇ, ಕಂದ... ನಿಂತಿತು!" ಎಂದವಳು ಬೆವರು ಒರೆಸಿಕೊಂಡಳು. "ಎಷ್ಟು ತೆಪ್ಪಗೆ ಮಲಗಿತ್ತು ನೋಡಿ. ಹಲ್ಲು ತೋರಿಸೋಕೆ ಬಂದಾಗ ನೀವು ಕಿರುಚಿದ ಹಾಗೆ ಕಿರುಚಲಿಲ್ಲ."

ನಾನು ಅವಳಿಗೆ ಕೈಮುಗಿದೆ. ತಮಾಷೆಗಲ್ಲ, ನಿಜವಾಗಿಯೂ.

ಕುದುರೆ ಕೂರಿಸಿ, ತಂತಿ ಬಿಗಿದು, ಸಂಜೆ ಡ್ರಮ್ಮಣ್ಣನ ಮುಂದೆ ನುಡಿಸಿದೆ. ಬೆಳಗಿನ ಕಥೆಯೆಲ್ಲ ಕೇಳಿದ್ದ ಅವನು ಮುಖ ಕಿವುಚಿ, "ಅತ್ತಿಗೆ, ಕಡ್ಡಿ ಮತ್ತೆ ಬಿತ್ತಾ?" ಎಂದ. ಕೊನೆಗೆ ಬೆರಳೊತ್ತುವ ಗೋಜೇ ಇಲ್ಲದೆ ದಪ್ಪ ತಂತಿಯನ್ನು ಹಾಗೇ ಮೀಟಿದೆ. ಧೂಂ! ಕಿಟಕಿಯ ಗಾಜು ನಡುಗಿತು. ಡ್ರಮ್ಮಣ್ಣ ನಕ್ಕ. "ಇದು ನೆಟ್ಟಗಿದೆ. ಜಾಗ ನಿಮ್ದೇ. ಬುಧವಾರ ತಾಲೀಮಿಗೆ ತಗೊಂಡು ಬನ್ನಿ."

ತಗೊಂಡು ಹೋಗುವುದೇ? ಅದೇ ಮೆಟ್ಟಿಲು, ಅದೇ ತಿರುವು! ಬುಧವಾರ ನಾನು ತಿರುವಿನಲ್ಲಿ ಬೆವರುತ್ತ ನಿಂತಿದ್ದೆ. ನನ್ನವಳು ಬಂದು ನನ್ನ ಹೆಗಲ ಮೇಲಿದ್ದ ಬೇಸನ್ನು ಇಳಿಸಿ, ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ತಿರುಗಿಸಿದಳು. ಎಲ್ಲೂ ತಾಗದೆ ಕೆಳಗಿಳಿಯಿತು.

"ನಿಲ್ಲಿಸಿ ನುಡಿಸೋ ವಾದ್ಯ ಅಲ್ವೇನ್ರೀ," ಎಂದಳು, "ಮಲಗಿಸಿ ಹೊತ್ಕೊಂಡು ಬಾ ಅಂತ ನಿಮಗೆ ಹೇಳಿದವರು ಯಾರು?"