ಎಜುಕೇಷನ್ ಲೋನ್ ಟೇಬಲ್ಲಿನ ಗೋಳು

ಬ್ಯಾಂಕಿನಲ್ಲಿ ಬೇರೆ ಯಾವ ಟೇಬಲ್ಲಿಗೆ ಬೇಕಾದರೂ ಹಾಕಿ, ಎಜುಕೇಷನ್ ಲೋನ್ ಟೇಬಲ್ಲಿಗೆ ಮಾತ್ರ ಬೇಡ. ಚಿನ್ನದ ಸಾಲದವರು ಚಿನ್ನ ತೂಗಿ ಕೊಡುತ್ತಾರೆ. ಮನೆ ಸಾಲದವರು ಮನೆ ನೋಡಿ ಕೊಡುತ್ತಾರೆ. ನಾನು ಹದಿನೆಂಟು ವರ್ಷದ ಮಕ್ಕಳ ಮುಖ ನೋಡಿ ಕೊಡಬೇಕು. ಆಮೇಲಿನ ಫಜೀತಿಗಳಿಗೆ ಕೊನೆಯೇ ಇಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಟೋಕನ್ ಹಿಡಿದು ಎದುರಿಗೆ ಕೂತಿರುತ್ತದೆ.

ನಾನು ಮೈಸೂರಿನವಳು. ವರ್ಗವಾಗಿ ಕೊಚ್ಚಿಗೆ ಬಂದು ಪಾಲಾರಿವಟ್ಟಂ ಶಾಖೆಯಲ್ಲಿ ಕೂತಿದ್ದೇನೆ. ಯಜಮಾನರು ತಿರುವನಂತಪುರದಲ್ಲಿ ರಾಕೆಟ್ಟಿನ ವಿಜ್ಞಾನಿ, ಶನಿವಾರ ರೈಲು ಹತ್ತಿ ಬರುತ್ತಾರೆ. ಮಗಳು ನನ್ನ ಜೊತೆ ವೈಟ್ಟಿಲದ ಮನೆಯಲ್ಲಿದ್ದಾಳೆ. ನಾನು ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಈ ವರ್ಷ ಅವಳ ಹನ್ನೆರಡನೇ ಕ್ಲಾಸು ಮುಗಿಯಿತು. ಅವರಪ್ಪ ಒಂದು ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹಿಡಿದಿಟ್ಟರು. ಅವಳಿಗೆ ಬೇಕಾಗಿದ್ದು ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಮಲಯಾಳಂ. ಅದನ್ನು ಹೇಳಿದ ದಿನ ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ.

ಇಲ್ಲಿ ಹೇಳುವುದೆಲ್ಲ ಆ ಸೀಟಿಗೆ ದುಡ್ಡು ಕಟ್ಟುವ ತಾರೀಕು ಹತ್ತಿರವಾಗುತ್ತಿದ್ದ ದಿನಗಳಲ್ಲಿ ನಡೆದದ್ದು. ಮಾತೆಲ್ಲ ಮುಕ್ಕಾಲು ಪಾಲು ಮಲಯಾಳ, ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಗದೇ ಇದ್ದ ತಪ್ಪು

ಒಂದು ದಿನ ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು ಬಂದು ಕೂತರು. ಅವರಿಗೆ ಸಾಲ ಬೇಕಿರಲಿಲ್ಲ. ಅಕ್ಕನ ಮಗನಿಗೆ ಹೆಣ್ಣು ನೋಡುತ್ತಿದ್ದಾರಂತೆ. ಹುಡುಗಿ ನರ್ಸಿಂಗ್ ಓದಿದವಳು, ನಮ್ಮಲ್ಲೇ ಸಾಲ ತೆಗೆದು ಓದಿದ್ದು.

"ಜಾತಕ ಕೂಡಿ ಬಂದಿದೆ ಮೇಡಂ. ಲೋನ್ ತೀರಿದೆಯಾ ಅಂತ ಒಂದು ಮಾತು ಹೇಳಿದ್ರೆ ಮುಂದುವರೀತೀವಿ" ಅಂದರು.

"ಬೇರೆಯವರ ಖಾತೆ ವಿಷಯ ನಾವು ಹೇಳೋ ಹಾಗಿಲ್ಲ" ಅಂದೆ.

"ಹೇಳೋದು ಬೇಡ. ತೀರಿದ್ರೆ ಸುಮ್ನೆ ಒಂದು ಸಲ ನಕ್ಕುಬಿಡಿ, ನಂಗೆ ಅರ್ಥವಾಗುತ್ತೆ."

ಇದೊಳ್ಳೆ ಗ್ರಹಚಾರ. ನಕ್ಕರೆ ನಿಯಮ ಮುರಿದ ಹಾಗೆ. ಅವರ ಮುಖ ನೋಡಿದರೆ ನನಗೆ ನಗು ಒತ್ತರಿಸಿ ಬರುತ್ತಿದೆ. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಸಾವಿನ ಮನೆಯಲ್ಲಿ ಕೂತವಳ ಹಾಗೆ ಕೂತೆ. ಅವರು ನಿಟ್ಟುಸಿರು ಬಿಟ್ಟು ಎದ್ದು ಹೋದರು.

ಎರಡು ದಿನಕ್ಕೆ ಹುಡುಗಿಯ ಅಪ್ಪ ಬಂದರು, ಕೆಂಡ ಕಾರುತ್ತಾ. "ಮೇಡಂ, ನಮ್ಮ ಲೋನ್ ಕ್ಲೋಸ್ ಆಗಿ ಎಷ್ಟು ಕಾಲವಾಯಿತು. ನೀವು ಅವರಿಗೆ ಏನು ಹೇಳಿದ್ರಿ?"

"ನಾನು ಏನೂ ಹೇಳಿಲ್ಲ."

"ಏನು ಮಾಡಿದ್ರಿ ಹಾಗಾದ್ರೆ?"

"ನಗಲಿಲ್ಲ" ಅಂದೆ. ಬೇರೇನು ಹೇಳಲಿ?

ಅವರು ಅಲ್ಲೇ ಫೋನ್ ತೆಗೆದು ಹುಡುಗನ ಆ ಸೋದರಮಾವನಿಗೆ ವೀಡಿಯೊ ಕಾಲ್ ಹಚ್ಚಿ, ಫೋನನ್ನು ನನ್ನ ಮುಖಕ್ಕೆ ಹಿಡಿದರು. ನಾನು ನಕ್ಕೆ. ಮದುವೆ ಗೊತ್ತಾಯಿತು. ಗಾಜಿನಾಚೆಯಿಂದ ನೋಡುತ್ತಿದ್ದ ಮ್ಯಾನೇಜರ್ ಸಂಜೆ ಕರೆದು, "ಮೇಡಂ, ಗಿರಾಕಿಗಳ ಹತ್ತಿರ ಯಾವಾಗಲೂ ಹೀಗೇ ನಗುನಗುತ್ತಾ ಇರಿ" ಅಂತ ಬುದ್ಧಿ ಹೇಳಿದರು.

ಫೇಲಾಗಲಿ ಎಂಬ ಹರಕೆ

ಇಂಜಿನಿಯರಿಂಗ್ ಓದಿ ಮನೆಯಲ್ಲಿ ಕೂತಿದ್ದ ಹುಡುಗನೊಬ್ಬನಿಗೆ ನೋಟಿಸ್ ಕಳಿಸಿದ್ದೆ. ಅಪ್ಪ ಅವನನ್ನು ಎಳೆದುಕೊಂಡು ಬಂದರು. ಕಂತು ಕಟ್ಟಲು ಇನ್ನಷ್ಟು ಸಮಯ ಬೇಕಂತೆ.

"ಕೊಡೋಣ. ಡಿಗ್ರಿ ಸರ್ಟಿಫಿಕೇಟಿನ ಒಂದು ಜೆರಾಕ್ಸ್ ಕೊಡಿ" ಅಂದೆ.

"ಕೊಡೋ" ಅಂದರು ಅಪ್ಪ. ಹುಡುಗ ಸೀಲಿಂಗ್ ಫ್ಯಾನು ನೋಡಿದ. "ಕೊಡೋ ಅಂದ್ರೆ" ಅಂತ ಮತ್ತೊಮ್ಮೆ ಗದರಿದ ಮೇಲೆ ಬಾಯಿ ಬಿಟ್ಟ. ನಾಲ್ಕು ಪೇಪರ್ ಉಳಿದಿವೆ. ಡಿಗ್ರಿ ಬಂದೇ ಇಲ್ಲ.

ಆ ಮನುಷ್ಯ ಮಗ ಪಾಸಾದ ಅಂತ ಕೇರಿಗೆಲ್ಲ ಪಾಯಸ ಹಂಚಿದ್ದರಂತೆ. ನನ್ನ ಟೇಬಲ್ಲಿನ ಮುಂದೆಯೇ ಅವನಿಗೆ ಮಂಗಳಾರತಿ ಶುರುವಾಯಿತು. ಇಡೀ ಶಾಖೆ ಕೆಲಸ ಬಿಟ್ಟು ಇತ್ತ ನೋಡುತ್ತಿತ್ತು. ನಾನು ನೀರಿನ ಬಾಟಲ್ಲು ಅವರ ಮುಂದೆ ಸರಿಸಿದೆ.

ಉಸಿರು ತೆಗೆದುಕೊಳ್ಳಲು ಅಪ್ಪ ನಿಲ್ಲಿಸಿದಾಗ ಹುಡುಗ ಮೆಲ್ಲಗೆ ಹೇಳಿದ, "ಅಪ್ಪಾ, ಸರ್ಕಾರಿ ಅಟೆಂಡರ್ ಪರೀಕ್ಷೆ ಬರೆದಿದ್ದೆ. ಪಟ್ಟಿಯಲ್ಲಿ ಹೆಸರು ಬಂದಿದೆ. ಆದ್ರೆ ಅದಕ್ಕೆ ಡಿಗ್ರಿ ಆದವರನ್ನ ತಗೊಳ್ಳಲ್ಲ."

ಅಪ್ಪ ತಣ್ಣಗಾದರು. "ಸರ್ಕಾರಿ ಅಂದ್ರೆ ಪೂರ್ತಿ ಸರ್ಕಾರಿನಾ?"

"ಪೂರ್ತಿ."

"ಡಿಗ್ರಿ ಇಲ್ಲದಿದ್ರೆ ಸಿಗುತ್ತಾ?"

"ಸಿಗುತ್ತೆ. ಆದ್ರೆ..." ಹುಡುಗ ಮತ್ತೆ ಫ್ಯಾನು ನೋಡಿದ. "ನಿಮಗೆ ಗೊತ್ತಾಗೋ ಮೊದಲೇ ಮುಗಿಸಿಬಿಡೋಣ ಅಂತ ಹೋದ ತಿಂಗಳು ಆ ನಾಲ್ಕೂ ಪೇಪರ್ ಮತ್ತೆ ಬರೆದಿದೀನಿ. ರಿಸಲ್ಟ್ ಬರಬೇಕು."

ಅಪ್ಪನ ಮುಖ ಬಿಳಿಚಿಕೊಂಡಿತು. "ಹೇಗೆ ಬರೆದಿದೀಯ?"

"ಈ ಸಲ ಸುಮಾರಾಗಿ ಚೆನ್ನಾಗೇ ಬರೆದಿದೀನಿ."

"ಯಾವನು ಹೇಳಿದ್ದು ನಿಂಗೆ ಓದೋಕೆ?" ಅಂತ ಅಪ್ಪ ಎದ್ದು ನಿಂತರು. ಅಷ್ಟು ವರ್ಷ ಓದಿಸಲು ನಾವು ಕೊಟ್ಟ ಸಾಲದ ಫೈಲು ಅವರ ಮುಂದೆಯೇ ಬಿದ್ದಿತ್ತು. ಅದರತ್ತ ತಿರುಗಿಯೂ ನೋಡಲಿಲ್ಲ. ಮಗನ ಕೈ ಹಿಡಿದು ನೆಟ್ಟಗೆ ದೇವಸ್ಥಾನಕ್ಕೆ ಹೊರಟರು. ಹಿಂದೆ ಅವನು ಪಾಸಾಗಲಿ ಅಂತ ಪೂಜೆ ಮಾಡಿಸಿದ್ದ ದೇವಸ್ಥಾನವಂತೆ. ಆ ದೇವರ ಹತ್ತಿರವೇ ಮಾತು ಬದಲಾಯಿಸಿಕೊಂಡು ಬರುತ್ತೇನೆ ಅಂದರು.

ವಸೂಲಿ

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಒಬ್ಬ ಫೋರ್ಟ್ ಕೊಚ್ಚಿಯಲ್ಲಿ ಹೋಂ ಸ್ಟೇ ಇಟ್ಟುಕೊಂಡು, ನಮ್ಮ ಕಂತು ಮರೆತು ಆರಾಮಾಗಿದ್ದ. ಫೋನ್ ಎತ್ತುತ್ತಿರಲಿಲ್ಲ. ಮ್ಯಾನೇಜರೂ ನಾನೂ ಬೆವರು ಒರೆಸಿಕೊಳ್ಳುತ್ತಾ ಹೋದೆವು. ಗೇಟಿನ ಹತ್ತಿರ ಮೈಸೂರಿನಿಂದ ಅತ್ತೆಯ ಫೋನು. ಕನ್ನಡದಲ್ಲಿ ಎರಡು ಮಾತಾಡಿ ಇಟ್ಟೆ. ಅಷ್ಟರಲ್ಲಿ ಅವನು ಓಡಿ ಬಂದು ಕೈ ಮುಗಿದ. ಬೆಂಗಳೂರಿನ ಟೂರಿಸ್ಟುಗಳು ಅಂದುಕೊಂಡಿದ್ದ.

ಕೈಗೆ ತಣ್ಣನೆಯ ಬಟ್ಟೆ ಕೊಟ್ಟ. ನಿಂಬೆ ಶರಬತ್ತು ಕೊಟ್ಟ. ನಾವು ಬಾಯಿ ತೆಗೆಯುವ ಮೊದಲೇ ಪಳಂಪೊರಿ ಬಂತು, ಬಿಸಿಬಿಸಿ ಬಾಳೆಹಣ್ಣಿನ ಬಜ್ಜಿ. ಮ್ಯಾನೇಜರು ಒಂದು ತಿಂದು ಇನ್ನೊಂದಕ್ಕೆ ಕೈ ಹಾಕಿದರು. ತಿಂದ ಮೇಲೆ ನೋಟಿಸ್ ತೆಗೆಯುವುದು ಹೇಗೆ? ಆದರೂ ತೆಗೆದೆ. ಅವನು ಕೊಂಚವೂ ಗಾಬರಿಯಾಗಲಿಲ್ಲ.

"ಬ್ಯಾಂಕಿನವರಾ? ಹಾಗಾದ್ರೆ ನೀವು ಗೆಸ್ಟ್ ಅಲ್ಲ, ಮನೆಯವರು. ನೀವು ಓದಿಸಿದ ಓದೇ ಇದು" ಅಂದ. ರೂಮು ತೋರಿಸಿದ. ಕಿಟಕಿ ತೆಗೆದು ಸಮುದ್ರ ತೋರಿಸಿದ. ಅತ್ತೆ ಮುಂದಿನ ವಾರ ಬರುತ್ತಾರೆ ಅಂತ ನನ್ನ ಬಾಯಿಂದ ಹೇಗೆ ಹೊರಟಿತೋ ಗೊತ್ತಿಲ್ಲ. ಹೊರಗೆ ಬಂದು ಆಟೋ ಹತ್ತಿದಾಗ ಅತ್ತೆಗೆ ಎರಡು ದಿನಕ್ಕೆ ರೂಮು ಬುಕ್ಕಾಗಿತ್ತು, ಅಡ್ವಾನ್ಸ್ ನಾನು ಕೊಟ್ಟಾಗಿತ್ತು.

ಮರುದಿನ ಅವನ ಸಾಲದ ಖಾತೆಗೆ ದುಡ್ಡು ಬಂತು, ಸರಿಯಾಗಿ ನನ್ನ ಅಡ್ವಾನ್ಸಿನಷ್ಟೇ. ಮೈಯೆಲ್ಲ ಉರಿಯಿತು. ಮ್ಯಾನೇಜರಿಗೆ ಮಾತ್ರ ಖುಷಿಯೋ ಖುಷಿ. "ನೋಡಿ ಮೇಡಂ, ನಾವು ಕೊಟ್ಟ ಸಾಲದಲ್ಲಿ ಒಬ್ಬನಾದ್ರೂ ಸರಿಯಾಗಿ ಓದಿದಾನೆ" ಅಂದರು.

ರಾಕೆಟ್ಟಿನವರ ಲೆಕ್ಕ

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಮಗಳ ಮುಂದೆ ಹೇಳಿ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅವಳು ಕಣ್ಣರಳಿಸಿ "ಎನ್ನಿಟ್ಟ್?" ಅನ್ನುತ್ತಿದ್ದಳು, ಆಮೇಲೆ ಅಂತ. ಬರೀ ಕಥೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ.

ಶನಿವಾರ ಯಜಮಾನರು ಬಂದರೆ ಬೇರೆ ಪಾಠ. ಕಂಪ್ಯೂಟರ್ ಸೈನ್ಸಿಗೆ ಎಷ್ಟು ಹಾಕಿದರೆ ಎಷ್ಟು ವರ್ಷಕ್ಕೆ ಎಷ್ಟು ಬರುತ್ತದೆ ಅಂತ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಗೆರೆ ಮೇಲಕ್ಕೇ ಹೋಗುತ್ತಿತ್ತು, ಅವರ ರಾಕೆಟ್ಟಿನ ಹಾಗೆ.

"ರೀ, ಇದೇ ಗೆರೆ ನಂಬಿ ಬಂದವರಿಗೆ ನಾನು ದಿನಾ ನೋಟಿಸ್ ಕಳಿಸ್ತೀನಿ" ಅಂದೆ.

"ಅವರು ಬೇರೆ ಕಣೇ, ನಮ್ಮವಳು ಬೇರೆ. ಲೋನ್ ಅವಳ ಹೆಸರಲ್ಲೇ ಇರಲಿ. ಜವಾಬ್ದಾರಿ ಬರುತ್ತೆ."

ಅತ್ತೆಗೆ ಫೋನ್ ಮಾಡಿ ಮೊಮ್ಮಗಳ ಆಸೆ ಹೇಳಿದೆ, ಅವರಾದರೂ ಏನಾದರೂ ಅನ್ನಲಿ ಅಂತ. "ಮಲಯಾಳನಾ? ಮನೇಲಿ ಮೂರು ಹೊತ್ತೂ ಅದನ್ನೇ ಮಾತಾಡ್ತಾಳಲ್ಲ. ಬರೋದನ್ನೇ ಕಲಿಯೋಕೆ ಕಾಲೇಜು ಯಾಕಮ್ಮ?" ಅಂದರು. ಅಲ್ಲಿಗೆ ಮುಗಿಯಿತು. ನನಗೂ ರೋಸಿಹೋಗಿತ್ತು. ಆಗಲಿ, ಎಲ್ಲರ ಮಕ್ಕಳ ಹಾಗೆ ಇವಳೂ ಓದಲಿ ಅಂತ ಸುಮ್ಮನಾದೆ. ಮಗಳು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಯಾರ ಕಡೆ

ನನ್ನ ಮಗಳ ಸಾಲವನ್ನು ನಾನೇ ಮಂಜೂರು ಮಾಡುವ ಹಾಗಿಲ್ಲ. ಆದ್ದರಿಂದ ಅರ್ಜಿ ತಿರುವನಂತಪುರದ ಶಾಖೆಗೆ ಹೋಯಿತು, ಯಜಮಾನರ ಆಫೀಸಿಗೆ ಹತ್ತಿರ. ಮೂವರೂ ಹೋಗಿ ಕೂತೆವು. ಮೊದಲ ಸಲ ನಾನು ಟೇಬಲ್ಲಿನ ಈಚೆ ಕಡೆ. ಆಚೆ ಒಬ್ಬ ಹುಡುಗ ಆಫೀಸರು. ನಾನು ಹಿರಿಯಳು ಅಂತ ಎದ್ದು ನಿಂತು ಕೂರಿಸಿದ.

ಎಲ್ಲ ಸರಿಯಿತ್ತು. ಸಹಿ ಒಂದು ಬಾಕಿ. ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳುವ ಪದ್ಧತಿ ಉಂಟು, ಕೋರ್ಸ್ ಮುಗಿದ ಮೇಲೆ ಏನು ಮಾಡುತ್ತೀ, ಸಾಲ ಹೇಗೆ ತೀರಿಸುತ್ತೀ ಅಂತ. ನಾನಂತೂ ಅದನ್ನು ಕೇಳುತ್ತಲೇ ಉತ್ತರವನ್ನೂ ನಾನೇ ಬರೆದುಕೊಳ್ಳುತ್ತೇನೆ. ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ.

"ಸಾಫ್ಟ್‌ವೇರ್" ಅಂದರು ಯಜಮಾನರು.

"ಸರ್, ಲೋನ್ ಮಗಳ ಹೆಸರಲ್ಲಿದೆ. ಅವರೇ ಹೇಳಲಿ" ಅಂದ ಆಫೀಸರು.

ಮಗಳು ಬಹಳ ಮರ್ಯಾದೆಯಿಂದ ಹೇಳಿದಳು. "ಸರ್, ನಾನು ಮುಗಿಸಲ್ಲ ಅನ್ಸುತ್ತೆ. ಗಣಿತ ನಂಗೆ ಆಗಲ್ಲ. ಎರಡನೇ ವರ್ಷದಲ್ಲಿ ಪೇಪರ್ ಉಳಿಯುತ್ತೆ, ಮನೇಲಿ ಹೇಳಲ್ಲ. ಆಮೇಲೆ ಕಂತು ನಿಲ್ಲುತ್ತೆ. ನೀವು ಮೊದಲು ಮೆಸೇಜ್ ಕಳಿಸ್ತೀರಿ, ನಾನು ನೋಡಲ್ಲ. ಫೋನ್ ಮಾಡ್ತೀರಿ, ಎತ್ತಲ್ಲ. ನೋಟಿಸ್ ಬರುತ್ತೆ. ಅಪ್ಪ ನನ್ನನ್ನ ಕರ್ಕೊಂಡು ಬಂದು ನಿಮ್ಮ ಮುಂದೆ ಬೈತಾರೆ. ಕೊನೆಗೆ ನೀವು ಮ್ಯಾನೇಜರ್ ಜೊತೆ ರೈಲಲ್ಲಿ ಕೊಚ್ಚಿಗೆ ಬಂದು, ಆಟೋ ಹತ್ತಿ ಮನೆಗೆ ಬರ್ತೀರಿ. ಹಗಲು ಹೊತ್ತು ಬನ್ನಿ, ನಾನು ಮನೇಲೇ ಇರ್ತೀನಿ. ಅಮ್ಮ ಇರಲ್ಲ. ಅವರು ಬೇರೆಯವರ ಮನೆಗೆ ವಸೂಲಿಗೆ ಹೋಗಿರ್ತಾರೆ."

ಆಫೀಸರು ಪೆನ್ನು ಕೆಳಗಿಟ್ಟ. ಪಾಪ, ಅವನ ಸರ್ವೀಸಿನಲ್ಲಿ ಯಾರೂ ನಿಜ ಹೇಳಿರಲಿಕ್ಕಿಲ್ಲ. ನನ್ನ ಕಡೆ ತಿರುಗಿ, "ಮೇಡಂ, ಇದು ನಿಮ್ಮ ಟೇಬಲ್ಲಿಗೆ ಬಂದಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿದ.

ಮಗಳು ನನ್ನನ್ನೇ ನೋಡುತ್ತಿದ್ದಳು.

"ಕೊಡ್ತಿರಲಿಲ್ಲ" ಅಂದೆ.

"ಏನೇ ಇದು, ನೀನು ಯಾರ ಕಡೆ?" ಅಂದರು ಯಜಮಾನರು.

"ಬ್ಯಾಂಕಿನ ಕಡೆ" ಅಂದೆ.

ಮಗಳು ನಕ್ಕಳು. ಎಷ್ಟೋ ದಿನದ ಮೇಲೆ. ಆಫೀಸರು ಅರ್ಜಿ ವಾಪಸ್ಸು ಕೊಟ್ಟು ಎಲ್ಲರಿಗೂ ಟೀ ತರಿಸಿದ. ಯಜಮಾನರು ಕುಡಿಯಲಿಲ್ಲ.

ಬಿ.ಎ.ಗೆ ಸೇರಿಸಲು ಹೋದ ದಿನವೂ ಅವರ ಮುಖ ಗಂಟಾಗಿಯೇ ಇತ್ತು. ಕೌಂಟರಿನಲ್ಲಿ ಫೀಸು ಹೇಳಿದರು. ನಾನು ಪರ್ಸಿನಿಂದ ನೋಟು ತೆಗೆದು ಕೊಟ್ಟೆ, ಚಿಲ್ಲರೆಯೂ ವಾಪಸ್ಸು ಬಂತು. ಯಜಮಾನರು ರಸೀದಿ ಇಸಕೊಂಡು ನೋಡಿದರು. ತಿರುಗಿಸಿ ಹಿಂದೆಯೂ ನೋಡಿದರು, ಉಳಿದದ್ದು ಅಲ್ಲಿ ಬರೆದಿದೆಯೇನೋ ಅಂತ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಿಜವಾದ ಚಿಂತೆಯಿಂದ ಕೇಳಿದರು.

"ಇಷ್ಟಕ್ಕೆ ಯಾವ ಬ್ಯಾಂಕೂ ಲೋನ್ ಕೊಡಲ್ವಲ್ಲೇ. ಒಂದು ರೂಪಾಯಿ ಸಾಲ ಇಲ್ದೆ ಓದಿದ್ರೆ, ನಮ್ಮ ಹುಡುಗಿ ದೊಡ್ಡ ಓದು ಓದಿದಾಳೆ ಅಂತ ಯಾರು ನಂಬ್ತಾರೆ?"